ಸಮುದ್ರಕ್ಕೆ ಹೊರಟ ಕಡೆಯುವ ಕಲ್ಲು

ಮೀನು ಮುಟ್ಟದ ಸರಕಾರಿ ಗುಮಾಸ್ತನಾದ ನನಗೂ ಮೀನುಗಳಿಗೆ ಮನೆ ಕಟ್ಟಿಕೊಡುವ ಯೋಗವಿತ್ತು! ಕೇರಳ ರಾಜ್ಯವಾದ ಹೊಸತು. ಮಟ್ಟಾಂಚೇರಿಯಿಂದ ತಿರುವನಂತಪುರಕ್ಕೆ ವರ್ಗವಾಗಿ, ಕಡಲ ಬದಿಯಲ್ಲಿ ಮನೆ ಹಿಡಿದಿದ್ದೆವು. ಒಡೆದ ಕಲ್ಲು, ತೆಂಗಿನ ಬೊಡ್ಡೆ ಇತ್ಯಾದಿಗಳನ್ನು ಕಡಲಲ್ಲಿ ಮುಳುಗಿಸಿದರೆ ಅವುಗಳ ಸಂದಿಯಲ್ಲಿ ಮೀನುಗಳು ಸಂಸಾರ ಹೂಡುತ್ತವೆಂದು ನೆರೆಯ ಮೀನುಗಾರ ಲಾಸರ್ ತನ್ನ ಮಲಯಾಳದಲ್ಲಿ ವಿವರಿಸಿದ.

"ಸಾರೇ, ಕೆಲಸಕ್ಕೆ ಬಾರದ್ದು ಏನಾದರೂ ಉಂಟೋ?"

"ಯಾಕಿಲ್ಲ!" ಎಂದೆ.

ಹಿತ್ತಿಲಲ್ಲಿ ನಮ್ಮ ಕಡೆಯುವ ಕಲ್ಲಿತ್ತು. ಹೆಂಡತಿ ಸುಮತಿಯ ತೀರಿಹೋದ ತಾಯಿ ದೋಸೆಗೆ ಅಕ್ಕಿ ರುಬ್ಬಿ ಹಿಟ್ಟು ಕಡೆಯುತ್ತಿದ್ದ ಕಲ್ಲು. ಕಾಸರಗೋಡಿನಿಂದ ಹೊರಟದ್ದು, ಪ್ರತಿ ವರ್ಗಾವಣೆಯಲ್ಲೂ ನನಗಿಂತ ಜೋಪಾನವಾಗಿ ಪ್ರಯಾಣ ಮಾಡಿತ್ತು. ಬಗ್ಗಿ ನೋಡುತ್ತೇನೆ, ಗುಳಿಯ ತುಂಬ ಸಿಡುಬಿನ ಕಲೆ! ಪಾಪ, ಕಲ್ಲು ಕೆಟ್ಟಿತು. ಸುಮತಿ ಪೇಟೆಯಿಂದ ಬಂದ ಮೇಲೆ ಸಮಾಧಾನ ಹೇಳಿದರಾಯಿತು ಎಂದುಕೊಂಡೆ. ಸದರಿ ಕಲ್ಲನ್ನು ಸಮುದ್ರಕ್ಕೆ ಅರ್ಪಿಸುವ ಸಮಾರಂಭದ ಅಧ್ಯಕ್ಷತೆಯನ್ನು ನಾನೇ ವಹಿಸತಕ್ಕದ್ದೆಂದು ತೀರ್ಮಾನಿಸಿ, ಜರಿಶಾಲು ಹೊದ್ದು ದೋಣಿ ಹತ್ತಿದೆ.

ದೋಣಿ ಅಲೆ ದಾಟುವಷ್ಟರಲ್ಲಿ, ಪೇಟೆಯಿಂದ ಬಂದ ಸುಮತಿ ಅದರಲ್ಲಿ ಕಲ್ಲು ಕಂಡು ತರಕಾರಿ ಚೀಲ ಎಸೆದು ದಡಕ್ಕೆ ಓಡಿ ಬಂದಳು.

"ಅದು ಹಾಳಾದ್ದಲ್ಲ ಮಾರಾಯ್ರೇ! ನುಣ್ಣಗಾಗಿ ಹಿಟ್ಟು ಅರೆಯುತ್ತಿರಲಿಲ್ಲಾಂತ ನಿನ್ನೆ ಉಳಿಯಲ್ಲಿ ಕುಟ್ಟಿಸಿದ್ದು! ಅಮ್ಮನ ಕಲ್ಲು!"

ಕನ್ನಡ ಬಾರದ ಲಾಸರ್ ಮಾತ್ರ, ಮನೆಯಮ್ಮ ಹರಸುತ್ತಿದ್ದಾರೆಂದು ತಿಳಿದು ಕೈಬೀಸಿದ!

"ಬೇಡ" ಎನ್ನಲು ಬಾಯಿ ತೆರೆದೆ. ಮಾತಿನ ಬದಲು ಕಾಫಿ ಬಂತು, ದೋಣಿಯ ಅಂಚಿಗೆ ಬಗ್ಗಿದೆ. ಮತ್ತೆ ತೆರೆದೆ. ಉಪ್ಪಿಟ್ಟು ಬಂತು! ಲಾಸರ್ ಕಲ್ಲಿಗೆ ಕೈಹಾಕಿದ. ಬೇರೆ ದಾರಿ ಕಾಣದೆ ಅದನ್ನು ತಬ್ಬಿಕೊಂಡು ಬಿದ್ದುಕೊಂಡೆ.

"ಎಂಡೆ ಮಾದಾವೇ, ನನ್ನ ತಾಯೇ! ಈ ಸಾರ್ ಇಲ್ಲೇ ಹೋಗಿಬಿಡ್ತಾರೆ!" ಎಂದು ಗಾಬರಿಯಾಗಿ ಲಾಸರ್ ದೋಣಿ ತಿರುಗಿಸಿದ.

ದಡದಲ್ಲಿ ಸುಮತಿ ನನ್ನನ್ನು ದಾಟಿಕೊಂಡು ಹೋಗಿ ಕಲ್ಲನ್ನು ಸುತ್ತಲೂ ಸವರಿದಳು. ಎಲ್ಲೂ ಬಿರುಕಿಲ್ಲ. "ದೇವರೇ, ಉಳೀತು" ಎಂದು ಅಲ್ಲೇ ಮರಳಲ್ಲಿ ಕುಳಿತಳು. ನನಗೂ ಹೋದ ಜೀವ ಬಂದಂತಾಗಿ ಕಣ್ಣಲ್ಲಿ ನೀರಾಡಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ವರ್ಷ ದೋಸೆ ತಿಂದವರು ಒಂದು ದಿನ ಕಡೆದಿದ್ರೆ ಗೊತ್ತಾಗ್ತಿತ್ತು."

ಕರುಣಾಳುವಾದ ಲಾಸರ್ ನನ್ನನ್ನು ಎಬ್ಬಿಸಿ ಕೂರಿಸಿದ.

"ಬೇಜಾರು ಬೇಡ ಸಾರೇ. ನೀವು ಬಗ್ಗಿದಲ್ಲೆಲ್ಲ ಮೀನು ಮುತ್ತಿಕೊಂಡವು. ನಾಳೆ ಕಲ್ಲು ಬೇಡ, ತಿಂಡಿ ತಿಂದು ನೀವೇ ಬನ್ನಿ!"