ಖಾಲಿ ಹೊಟ್ಟೆಯ ಹೊಗೆ ತಪಾಸಣೆ

ನನ್ನ ತಮ್ಮನ ಕಾರು ಎಂದೂ ಕೆಟ್ಟಿಲ್ಲ. ಕೆಟ್ಟಿತು ಎಂದರೆ ಅವನು ಊಟ ಬಿಡುತ್ತಾನೆ. "ಆಕಿಗೆ ಸ್ವಲ್ಪ ಆರಾಮಿಲ್ಲ" ಎನ್ನಬೇಕು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅವಳನ್ನು ಎಬ್ಬಿಸುವಂತಿಲ್ಲ. ಮಳೆಯಲ್ಲಿ ನೆನೆದು ಬಂದರೆ ಟವೆಲಿನಿಂದ ಮೊದಲು ಅವಳನ್ನು ಒರೆಸಿ, ಆಮೇಲೆ ತನ್ನ ತಲೆ ಒರೆಸಿಕೊಳ್ಳುತ್ತಾನೆ. ಮೂವತ್ತೈದು ವರ್ಷ ನರ್ಸ್ ಆಗಿದ್ದವಳು ನಾನು. ಇಷ್ಟು ಮುದ್ದಿನ ರೋಗಿಯನ್ನು ಯಾವ ವಾರ್ಡಿನಲ್ಲೂ ಕಂಡಿಲ್ಲ.

ಅವಳಿಗೆ ಹದಿನೈದು ತುಂಬಿತು. ಹೊಗೆ ತಪಾಸಣೆಯಲ್ಲಿ ಪಾಸಾದ ಚೀಟಿ ಇಲ್ಲದೆ ನೋಂದಣಿ ಮುಂದುವರಿಯದು. ಶನಿವಾರ ಕೊನೆಯ ದಿನ, ತಪ್ಪಿದರೆ ಗುಜರಿಯೇ ಗತಿ. ಸೋಮವಾರವೇ ಉಣಕಲ್‌ನ ನಮ್ಮ ಮನೆಯಿಂದ ಹೊರಟೆವು. ನಾನು ಎಂದಿನಂತೆ ಹಿಂದಿನ ಸೀಟಿನಲ್ಲಿ. ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ ತಪಾಸಣೆಯ ವ್ಯಾನ್ ನಿಂತಿತ್ತು. ಅಲ್ಲಿಯವನು ಸೈಲೆನ್ಸರಿಗೆ ನಳಿಕೆ ತೂರಿಸಿ, ಕಂಪ್ಯೂಟರ್ ನೋಡಿ ತಲೆಯಾಡಿಸಿದ.

"ಕಾಕಾ, ಗಾಡಿ ಫೇಲ್ ಆತ್ರಿ."

"ಎಷ್ಟರಾಗ ಹೋತು? ಒಂದೆರಡು ಮಾರ್ಕ್ಸ್ ಇದ್ರ ಕೂಡಿಸಿ ಪಾಸ್ ಮಾಡ್ರಿ. ಮುಂದಿನ ಸಲ ಛಲೋ ಮಾಡ್ತಾಳ."

"ಎಮ್ಮಿ ಬಣ್ಣದ ಹೊಗಿ ಬರಾಕತ್ತೈತಿ. ಯಾವ ಬಾಯಿಲೆ ಪಾಸ್ ಅನ್ನಲಿ?"

ತಮ್ಮ ರಾತ್ರಿಯೆಲ್ಲ ಯೋಚಿಸಿದ. ನನಗೆ ಸಕ್ಕರೆ ಕಾಯಿಲೆ. ನನ್ನ ರಕ್ತ ಪರೀಕ್ಷೆ ಖಾಲಿ ಹೊಟ್ಟೆಯಲ್ಲಾದರೆ, ಕಾರಿಗೆ ಮಾತ್ರ ಬೇರೆ ನಿಯಮವೇ? ಬೆಳಿಗ್ಗೆ ಟ್ಯಾಂಕಿನ ಪೆಟ್ರೋಲ್ ಎಲ್ಲ ಕ್ಯಾನಿಗೆ ಇಳಿಸಿ, ಒಂದು ಗುಟುಕು ಉಳಿಸಿ ಹೊರಟ. ಉಣಕಲ್ ಕೆರೆ ದಾಟುವ ಮೊದಲೇ ಕಾರು ನಿಂತಿತು. ಹಾಲು ಹಾಕಿ ಬರುತ್ತಿದ್ದ ಇಬ್ಬರು ನೂಕಲು ಬಂದರು.

"ಏನಾಗೇತ್ರಿ ಗಾಡಿಗೆ?"

"ಏನಿಲ್ಲಪಾ. ಇವತ್ತು ಉಪಾಸ ಐತಿ."

ಕೊನೆಗೆ ಗಬ್ಬೂರಿನ ಮೆಕ್ಯಾನಿಕ್‌ಗೆ ಒಪ್ಪಿಸಿದೆವು. ಆತ ಪ್ಲಗ್ ಬದಲಿಸಿದ, ಕಾರ್ಬೊರೇಟರ್ ತೊಳೆದ, ಫಿಲ್ಟರಿನ ಧೂಳು ಕೊಡವಿದ. ಅವನು ಓಡಿಸಿದರೆ ಎಳೆಯಷ್ಟೂ ಹೊಗೆಯಿಲ್ಲ. ನಾವಿಬ್ಬರೂ ವ್ಯಾನಿನ ಹತ್ತಿರ ತಂದರೆ ಮತ್ತೆ ಅದೇ ಎಮ್ಮೆ! ನಾನು ನೋಟ್‌ಬುಕ್ ತೆಗೆದೆ. ಯಾರು ಓಡಿಸಿದರು, ಯಾರು ಕುಳಿತಿದ್ದರು, ಹೊಗೆ ಎಷ್ಟು ಎಂದು ಜ್ವರದ ಚಾರ್ಟಿನಂತೆ ಬರೆದೆ. ಶುಕ್ರವಾರ ಮೆಕ್ಯಾನಿಕ್ ಅದನ್ನು ಓದಿ ಗಂಟಲು ಸರಿಮಾಡಿಕೊಂಡ.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನೀವು ಕುಂತಾಗಷ್ಟ ಹೊಗಿ ಬರತೈತಿ."

"ಆಕಿಗೂ ನಿನ್ನ ಅಂಜಿಕಿ, ಅಕ್ಕಾ" ಎಂದ ತಮ್ಮ.

ಅದನ್ನೂ ಕಣ್ಣಾರೆ ನೋಡಿಬಿಡೋಣ ಎಂದು ಶನಿವಾರ ನಾನು ಮೊದಲ ಸಲ ಮುಂದಿನ ಸೀಟಿನಲ್ಲಿ ಕುಳಿತೆ. ಸ್ಟೇರಿಂಗಿನ ಪಕ್ಕ ಚೋಕ್ ಎಳೆಯುವ ಪುಟ್ಟ ಹಿಡಿ, ಅಂದರೆ ಗುಬ್ಬಿ, ಇದೆ. ಬೆಳಗಿನ ಚಳಿಯಲ್ಲಿ ಎಂಜಿನ್ ಏಳದಿದ್ದರೆ ಅದನ್ನು ಹೊರಗೆಳೆದು, ಎದ್ದ ಕೂಡಲೇ ಒಳಗೆ ತಳ್ಳಬೇಕು. ಹೊರಗೇ ಉಳಿದರೆ ಪೆಟ್ರೋಲ್ ಹೆಚ್ಚಾಗಿ ಹೊಗೆ ಕಪ್ಪಾಗುತ್ತದೆ. ಆ ಗುಬ್ಬಿಗೆ ಭಾರವಾದ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. ರಸ್ತೆಯ ಪ್ರತಿ ಗುಂಡಿಗೂ ಗುಬ್ಬಿ ಅಷ್ಟಷ್ಟೇ ಹೊರಗೆ ಜಗ್ಗುತ್ತಿತ್ತು.

"ಏನೋ ಇದು?"

"ಅದು... ನೀ ಇದ್ದಾಗಷ್ಟ ಹಾಕ್ತೇನಿ."

ಬಿಚ್ಚಿ ನೋಡಿದೆ. ನೀರಿನ ಬಾಟಲಿ, ಕಲ್ಲುಸಕ್ಕರೆಯ ಡಬ್ಬಿ. ಒಂದು ಚೀಟಿಯಲ್ಲಿ ಅವನ ಸೊಟ್ಟ ಅಕ್ಷರದಲ್ಲಿ ನನ್ನ ಮಾತ್ರೆಗಳ ಹೆಸರು, ಡಾಕ್ಟರ ನಂಬರು.

"ಹ್ವಾದ ವರ್ಷ ಧಾರವಾಡದ ಬಸ್ಸಿನ್ಯಾಗ ಸಕ್ಕರಿ ಇಳದು ನಿನಗ ಚಕ್ಕರ್ ಬಂದಿತ್ತಂತ. ನೀ ಹೇಳಲಿಲ್ಲ, ಕಂಡಕ್ಟರ್ ಹೇಳಿದ. ಗಾಡಿ ಹೊಡಿಯೂವಾಗ ಹುಡಕ್ಕೋತ ಕೂಡಾಕ ಆಗಂಗಿಲ್ಲ. ಲಗೂನ ಕೈಗೆ ಸಿಗಲಿ ಅಂತ."

ನಾನು ಚೀಲ ತೆಗೆದು ಗುಬ್ಬಿಯನ್ನು ಒಳಗೆ ತಳ್ಳಿದೆ. ವ್ಯಾನಿನವನು ಎರಡು ಸಲ ನೋಡಿ ಪಾಸಾದ ಚೀಟಿ ಕೊಟ್ಟ. ತಮ್ಮ ಬಾನೆಟ್ಟಿನ ಬೆನ್ನು ಸವರಿ ಒಳಗೆ ಬಂದು ಕುಳಿತ.

"ಈಗ ಚೀಲ ಎಲ್ಲಿ ಹಾಕೂಣಕ್ಕ?"

"ನನ್ನ ತೊಡಿ ಮ್ಯಾಲೆ ಇರಲಿ, ನೀ ರಸ್ತಾ ನೋಡು" ಎಂದೆ.

ನನಗೆ ಸಕ್ಕರೆ ಇಳಿದಿರಲಿಲ್ಲ. ಆದರೂ ಡಬ್ಬಿಯ ಮುಚ್ಚಳ ತೆಗೆದು ಒಂದು ತುಣುಕು ಬಾಯಿಗೆ ಹಾಕಿಕೊಂಡೆ.