ದೇವಗಿರಿಯ ಕತ್ತಲಲ್ಲಿ ಡ್ರ್ಯಾಗನ್

ಹೆಂಡತಿ ಮಾಡಿದ ಸಾರಿನ ಬಗ್ಗೆ ಅಭಿಪ್ರಾಯ ಹೇಳಿ ಬದುಕುಳಿದ ಗಂಡಸರಿದ್ದಾರೆ. ಹೆಂಡತಿ ಓದುವ ಪುಸ್ತಕದ ಬಗ್ಗೆ ಹೇಳಿ ಉಳಿದವರನ್ನು ನಾನು ಕಂಡಿಲ್ಲ. ನನ್ನ ಮಹಾದೇವಿಗೆ ಕಲಬುರಗಿಯಿಂದ ಅವಳ ತಂಗಿ ಒಂದು ದಪ್ಪ ಕಾದಂಬರಿ ಕಳಿಸಿದ್ದಳು. ಹಳೆಯ ಕಾಲದ ಅರಸರು, ಕೋಟೆ, ಮುತ್ತಿಗೆ ಎಲ್ಲ ಇತಿಹಾಸದಲ್ಲಿ ಇದ್ದಂತೆಯೇ ಇತ್ತು. ನಡುವೆ ಒಂದು ಡ್ರ್ಯಾಗನ್. ನಾಸಿಕದ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಅನ್ನ ತಳ ಹತ್ತುತ್ತಿದ್ದುದು ಅದರ ದೆಸೆಯಿಂದಲೇ. ಇತಿಹಾಸದಲ್ಲಿ ಈ ರೆಕ್ಕೆ ಬಂದ ಉಡಕ್ಕೇನು ಕೆಲಸ ಎಂದು ಕೇಳಿದೆ. ಅವಳು ತಲೆ ಎತ್ತದೆ, “ಇತಿಹಾಸದಾಗ ಯಾರು ಗೆದ್ರು, ಯಾರು ಸತ್ರು ಮೊದಲೇ ಗೊತ್ತಿರ್ತದ್ರಿ. ಇದು ಏನ್ ಮಾಡ್ತದ ಅಂತ ಯಾರಿಗೂ ಗೊತ್ತಿರಂಗಿಲ್ಲ” ಎಂದಳು. ನಾನು ನಕ್ಕುಬಿಟ್ಟೆ.

ಸಂಭಾಜಿನಗರದಲ್ಲಿ ಬಂಧುಗಳ ಗೃಹಪ್ರವೇಶಕ್ಕೆ ಹೋದಾಗ, ಊಟ ಇಳಿಯುವ ಮೊದಲೇ ಅವಳು ನನ್ನನ್ನು ಹತ್ತಿರದ ದೇವಗಿರಿ ಕೋಟೆಗೆ ಎಳೆದೊಯ್ದಳು. ಅಲ್ಲೊಂದು ಸುರಂಗವಿದೆ. ನುಗ್ಗಿದ ಶತ್ರು ದಾರಿ ತಪ್ಪಿ ಬಿದ್ದು ಸಾಯಲಿ ಎಂದೇ ಬಂಡೆಯಲ್ಲಿ ಕೊರೆದದ್ದಂತೆ. ನಾನು ಯಾರ ಶತ್ರುವೂ ಅಲ್ಲ, ಆದರೆ ಅದು ಸುರಂಗಕ್ಕೆ ಹೇಗೆ ತಿಳಿಯಬೇಕು? ನಡುದಾರಿಯಲ್ಲಿ ನನ್ನ ಫೋನಿನ ಬೆಳಕು ಆರಿತು. ಮಹಾದೇವಿಯ ಫೋನು ಬಂಧುಗಳ ಮನೆಯಲ್ಲೇ ಉಳಿದಿತ್ತು. ತಲೆಯ ಮೇಲೆ ಏನೋ ಪಟಪಟ ಹಾರಿತು. ಬಾವಲಿಗಳ ನಾತ ಗಂಟಲಿಗೇ ಇಳಿಯಿತು. ಮುಂದಿನದು ಮೆಟ್ಟಿಲೋ, ಪ್ರಪಾತವೋ? ಕಾಲು ಕಲ್ಲಿಗೆ ಅಂಟಿಕೊಂಡಿತು. ಹಿಂದಿನಿಂದ ಜನ ಮರಾಠಿಯಲ್ಲಿ ಮುಂದೆ ನಡೆಯಿರಿ ಎಂದು ಗೊಣಗುತ್ತ ಬೆನ್ನಿಗೇ ಒತ್ತುತ್ತಿದ್ದರು. ನಾನು ಗಟ್ಟಿಯಾಗಿ ಬೈಯತೊಡಗಿದೆ. ಫೋನನ್ನು, ಬಾವಲಿಗಳನ್ನು, ಕೋಟೆ ಕಟ್ಟಿಸಿದ ಯಾದವ ಅರಸರನ್ನು, ಅವಳ ಪುಸ್ತಕವನ್ನು, ಕೊನೆಗೆ ಅದನ್ನು ಕಳಿಸಿದ ತಂಗಿಯನ್ನೂ ಬಿಡಲಿಲ್ಲ.

ಮಹಾದೇವಿ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈಯೂ ತಣ್ಣಗಿತ್ತು.

“ಕಾದಂಬರಿಯಾಗಿನ ಡ್ರ್ಯಾಗನ್ನೂ ಹಿಂಗೇ ಒಂದು ಗುಹಾದಾಗ ಇರ್ತದ್ರಿ,” ಎಂದಳು ಮೆಲ್ಲಗೆ. “ಎಲ್ಲಾರೂ ಅದಕ್ಕ ಅಂಜತಾರ. ಖರೇ ಅಂದ್ರ ಅದಕ್ಕೇ ಕತ್ತಲಿ ಅಂದ್ರ ಅಂಜಿಕಿ. ಅದಕ್ಕಂತನ ಬೆಂಕಿ ಉಗುಳ್ತದ. ಒಬ್ಬಾಕಿಗೆ ಅಷ್ಟೇ ಅದು ಗೊತ್ತಿರ್ತದ. ಆಕಿ ಬಾಜೂ ನಿಂತು, ಇಲ್ಲೇ ಅದೀನಿ, ನಡಿ ಅಂತಾಳ.”

ಮುಂದೇನಾಯಿತು ಎಂದು ಕೇಳಿದೆ. ಅವಳು ಹೇಳುತ್ತ ಹೋದಳು, ಕಾಲಿನಿಂದ ತಡವಿ ತಡವಿ ಮೆಟ್ಟಿಲು ಹುಡುಕುತ್ತಲೂ ಹೋದಳು. ಡ್ರ್ಯಾಗನ್ ಒಂದೊಂದೇ ಹೆಜ್ಜೆ ಇಟ್ಟಿತು, ನಾನೂ ಇಟ್ಟೆ. ಅದು ಒಮ್ಮೆ ಎಡವಿತು ಎಂದಾಗ ಎಡವಿದ್ದು ನಾನೇ. ಕೊನೆಗೆ ಕಣ್ಣು ಚುಚ್ಚುವ ಬಿಸಿಲಿಗೆ ಬಿದ್ದೆವು. ಹೊರಗೆ ಬಂದವನೇ ನಾನು, ಮಾಡಿದರೆ ಇಂಥ ಸುರಂಗ ಮಾಡಬೇಕು ಎಂದು ಯಾದವರನ್ನು ಹೊಗಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಸಿಕಕ್ಕೆ ಮರಳಿದ ಮೇಲೆ, ಅವಳು ಸಂತೆಗೆ ಹೋದಾಗಲೆಲ್ಲ ಕದ್ದು ಕದ್ದು ಆ ಕಾದಂಬರಿಯನ್ನು ಕೊನೆಯವರೆಗೂ ಓದಿದೆ. ಪಾಪದ ಪ್ರಾಣಿ, ಆ ಡ್ರ್ಯಾಗನ್ ಸತ್ತಾಗ ಕಣ್ಣೀರೂ ಬಂತು. ಆದರೆ ಅದು ಇಡೀ ಪುಸ್ತಕದಲ್ಲಿ ಗುಹೆಯನ್ನು ಹೊಕ್ಕೇ ಇಲ್ಲ, ಕತ್ತಲಿಗೆ ಅಂಜಿದ್ದಂತೂ ಎಲ್ಲಿಯೂ ಇಲ್ಲ. ಹಾಗಾದರೆ ಮಹಾದೇವಿ ಹೇಳಿದ್ದು ಯಾವ ಪ್ರಾಣಿಯ ಕಥೆ ಎಂದು ಬಾಯಿಬಿಟ್ಟು ಕೇಳುವಷ್ಟು ದಡ್ಡ ನಾನಲ್ಲ.