ಮುಂಗಡ ಹೆರಿಗೆ

೧೯೭೬ನೇ ಇಸವಿ ಫೆಬ್ರುವರಿ ೨೭, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ರಾಯಚೂರು ನಗರದ ಶಾಂತಿವರ್ಧಿನಿ ಹೆರಿಗೆ ಆಸ್ಪತ್ರೆಯಲ್ಲಿ ಬಾಗಲವಾಡದ ಗೋಪಮ್ಮನ ಮಗಳು ಸೂಗಮ್ಮ ಹಡೆದಳು. ಕೂಸು ಮಾರ್ಚ್ ೨ರಂದು ಹುಟ್ಟಿತು. ಎರಡೂ ಸಂಗತಿಗಳು ಸರಿಯಾಗಿವೆ.

ಆ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ರಾಯಚೂರು ಸ್ಟೇಷನ್ನಿಗೆ ರೈಲುಗಳು ಸಮಯಕ್ಕೆ ಬರತೊಡಗಿದ್ದವು. ಮದ್ರಾಸ್ ಗಾಡಿ ಬಂದದ್ದನ್ನು ನೋಡಿ ಜನ ತಮ್ಮ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ರೈಲೇ ಸಮಯಕ್ಕೆ ಬರುವಾಗ ಕೂಸು ಏಕೆ ಬರಬಾರದು ಎಂಬ ಪ್ರಶ್ನೆ ಆಸ್ಪತ್ರೆಯ ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚೆಗೆ ಬಂತು. ಬರಬಾರದು ಎನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಠರಾವು ಪಾಸಾಯಿತು. ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿಸಿದರು.

"ಸಮಸ್ತ ಗರ್ಭಿಣಿಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಎಲ್ಲ ಹೆರಿಗೆಗಳೂ ಗೊತ್ತುಪಡಿಸಿದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಜರುಗತಕ್ಕದ್ದು. ಭಾನುವಾರ, ಸಾರ್ವತ್ರಿಕ ರಜೆಯ ದಿನ ಹಾಗೂ ಊಟದ ವಿರಾಮದಲ್ಲಿ ಹುಟ್ಟಲು ಅವಕಾಶವಿರುವುದಿಲ್ಲ. ತಾನಾಗಿ ನೋವು ಬಾರದವರಿಗೆ ಆಸ್ಪತ್ರೆಯ ವತಿಯಿಂದ ನೋವು ಒದಗಿಸಲಾಗುವುದು."

ನೋವು ಒದಗಿಸುವ ವಿಧಾನ ಸರಳವಾಗಿತ್ತು. ಕೈಗೆ ಸಲೈನ್ ಹಚ್ಚಿ ಅದರಲ್ಲಿ ಔಷಧಿ ಬಿಡುವುದು. ಕಾಗದದ ಮೇಲೆ ಇದರ ಹೆಸರು ಪ್ರಸವ ಪ್ರೇರಣೆ. ವಾರ್ಡಿನ ಹೆಂಗಸರು ಅದನ್ನು ಬ್ಯಾನಿ ಸೂಜಿ ಎನ್ನುತ್ತಿದ್ದರು.

ಸೂಗಮ್ಮನ ಗಂಡನ ಮನೆ ದೇವದುರ್ಗ ತಾಲೂಕಿನ ಅರಕೇರಾ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದ್ದರಿಂದ ಬಾಗಲವಾಡಕ್ಕೆ ಬಂದಿದ್ದಳು. ಆ ವಾರ ತಾಯಿ ಅವಳನ್ನು ರಾಯಚೂರಿಗೆ ಕರೆತಂದದ್ದು ಧನುರ್ವಾಯು ಸೂಜಿ ಹಾಕಿಸಲು. ಅದನ್ನು ಹಾಕಿದರು. ಅಷ್ಟರಲ್ಲಿ ಒಂದು ಮಂಚ ಖಾಲಿ ಇರುವುದು ಸೂಪರಿಂಟೆಂಡೆಂಟ್ ಡಾಕ್ಟರ್ ವೆಂಕೋಬರಾಯರ ಕಣ್ಣಿಗೆ ಬಿತ್ತು. ಸೂಗಮ್ಮನನ್ನು ಅದರ ಮೇಲೆ ಮಲಗಿಸಿ ಶುಕ್ರವಾರ ಗೊತ್ತುಪಡಿಸಿದರು.

ನರ್ಸ್ ಲತೀಫಾ ಹೊಟ್ಟೆ ಮುಟ್ಟಿ ನೋಡಿದಳು.

"ತಲಿ ಇನ್ನೂ ಇಳಿದಿಲ್ರಿ ಸಾಹೇಬ್ರ. ಕೂಸು ಚಂದ ಅದ, ತಾಯಿನೂ ಚಂದ ಅದಾಳ. ಬಿಡ್ರಿ, ಅದರ ಪಾಡಿಗಿ ಅದು ಬರ್ತದ."

"ತಡ ಆದ್ರ ಯಾರು ಜವಾಬ್ದಾರಿ?"

"ಯಾವುದಕ್ಕಿಂತ ತಡ ರೀ?"

"ಶುಕ್ರವಾರಕ್ಕಿಂತ," ಎಂದರು ಡಾಕ್ಟರು.

ಪಕ್ಕದ ಮಂಚದಲ್ಲಿ ಜಾಲಹಳ್ಳಿಯ ಯಮನಮ್ಮ ಇದ್ದಳು. ಅವಳ ಸರದಿ ಮಂಗಳವಾರ ಹನ್ನೊಂದು ಗಂಟೆ. ಹತ್ತಕ್ಕೆ ಸಲೈನ್ ಹಚ್ಚಿದರು. ಅವಳು ಹಗಲೆಲ್ಲ ಒದ್ದಾಡಿದಳು, ಮಂಚದ ಕಂಬಿ ಹಿಡಿದು ಹಿಡಿದು ಅಂಗೈ ಬಾತುಕೊಂಡಿತು. ಕೂಸು ಬಂದದ್ದು ಬುಧವಾರ ದೀಪ ಹಚ್ಚುವ ಹೊತ್ತಿಗೆ. ವರದಿಯಲ್ಲಿ ಹೆಡ್ ಕ್ಲಾರ್ಕ್ ಬಂದೇನವಾಜ್ ಹೀಗೆ ಬರೆದರು: ಮಂಗಳವಾರ, ಹನ್ನೊಂದು ಗಂಟೆ. ನೋವಿನ ಅವಧಿ, ಒಂದು ತಾಸು.

"ಉಳಿದ ಬ್ಯಾನಿ ಯಾರ ಲೆಕ್ಕಕ್ಕ ಹಾಕಿದ್ರಿ?" ಎಂದು ಯಮನಮ್ಮ ಮಲಗಿದಲ್ಲಿಂದಲೇ ಕೇಳಿದಳು.

"ಅದಕ್ಕ ಕಾಲಂ ಇಲ್ಲಬೇ ಯವ್ವಾ," ಎಂದರು ಬಂದೇನವಾಜ್.

ಸೂಗಮ್ಮ ಇದೆಲ್ಲವನ್ನೂ ನೋಡಿದಳು. ಗುರುವಾರ ತಾಯಿಗೆ ಹೇಳಿದಳು:

"ಯವ್ವಾ, ನನಗ ಆ ಸೂಜಿ ಬ್ಯಾಡ. ಇದು ತಾನಾಗಿ ಬರೂತನಕ ನಾ ಕಾಯ್ತೀನಿ."

"ಕಾಯಾಕ ಇವರು ಬಿಡಬೇಕಲ್ಲಬೇ. ಏಳು, ಊರಿಗಿ ಹೋಗೂನು."

ಗೇಟಿನಲ್ಲಿ ಕಾವಲುಗಾರ ಚೀಟಿ ಕೇಳಿದ. ಹೊರಗೆ ಬಿಡುವ ಚೀಟಿ ಹಡೆದವರಿಗೆ ಮಾತ್ರ ಕೊಡುವ ನಿಯಮವಿತ್ತು. ಇಬ್ಬರೂ ವಾರ್ಡಿಗೆ ಮರಳಿದರು.

ಶುಕ್ರವಾರ ಹತ್ತು ಗಂಟೆಗೆ ಡಾಕ್ಟರು, ಸಲೈನ್ ಸ್ಟ್ಯಾಂಡ್ ಹಿಡಿದ ಲತೀಫಾ ಮತ್ತು ಪೆನ್ನು ತೆಗೆದಿಟ್ಟುಕೊಂಡ ಬಂದೇನವಾಜ್ ಮಂಚದ ಹತ್ತಿರ ಬಂದರು. ಸೂಗಮ್ಮ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಕೈ ಕೊಡು ತಂಗಿ," ಎಂದರು ಡಾಕ್ಟರು.

"ಒಂದ ಮಾತು ಕೇಳ್ತೀನ್ರಿ. ಯಮನಮ್ಮ ಹಡದಿದ್ದು ಬುಧವಾರ ಸಂಜಿಕ. ನೀವು ಬರದಿದ್ದು ಮಂಗಳವಾರ ಹನ್ನೊಂದಕ್ಕ. ಹೌದಲ್ರಿ?"

"ಹೌದು. ಅದರಾಗ ತಪ್ಪೇನದ?"

"ತಪ್ಪಿಲ್ರಿ. ನಂದೂ ಹಂಗ ಇವತ್ತು ಹನ್ನೊಂದಕ್ಕ ಬರಕೋರಿ. ಹಡಿಯೋದು ನಾ ನೋಡ್ಕೊತೀನಿ."

ಡಾಕ್ಟರು ಪ್ರಾಮಾಣಿಕರು. "ಹುಟ್ಟಿದ ಮ್ಯಾಲ ಹಿಂದಿನ ತಾಸು ಬರಿಯೋದು ಬ್ಯಾರೆ. ಹುಟ್ಟೋಕಿಂತ ಮೊದಲ ಬರದ್ರ ಸುಳ್ಳ ಆಗ್ತದ," ಎಂದರು.

"ಸುಳ್ಳಲ್ರಿ ಸಾಹೇಬ್ರ, ಮುಂಗಡ," ಎಂದರು ಬಂದೇನವಾಜ್. "ಪಗಾರದ ಮುಂಗಡ ಅದ. ಹಬ್ಬದ ಮುಂಗಡ ಅದ. ಹೆರಿಗಿ ಮುಂಗಡ ಕೊಡಬಾರದು ಅಂತ ಎಲ್ಲೂ ಬರದಿಲ್ಲ."

ನಿಯಮಾವಳಿ ತರಿಸಿ ನೋಡಿದರು. ನಿಜವಾಗಿಯೂ ಎಲ್ಲೂ ಬರೆದಿರಲಿಲ್ಲ. ಸರಿಯಾಗಿ ಹನ್ನೊಂದು ಗಂಟೆಗೆ ಸೂಗಮ್ಮ ಹಡೆದಳು. ಲತೀಫಾ ಸ್ಟ್ಯಾಂಡ್ ವಾಪಸ್ ಒಯ್ದಳು.

ಹೊರಗೆ ಕೂತಿದ್ದ ಗೋಪಮ್ಮ ಎದ್ದು ಬಂದಳು. "ಸಸಾರ ಆತೇನ್ರಿ ನರ್ಸಮ್ಮ?"

"ಇಷ್ಟು ಸಸಾರ ಹೆರಿಗಿ ನಾ ನೋಡಿಲ್ಲವ್ವ," ಎಂದಳು ಲತೀಫಾ.

ಉಳಿದ ವಿವರಗಳನ್ನು ಕ್ರಮವಾಗಿ ತುಂಬಲಾಯಿತು. ಗಂಡೋ ಹೆಣ್ಣೋ ಎಂಬಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಬರೆದರು. ಕೂಸಿನ ತೂಕ ತಿಳಿಯಲು ತಾಯಿಯ ಹೆರಿಗೆಪೂರ್ವ ತೂಕದಿಂದ ಹೆರಿಗೆಯ ನಂತರದ ತೂಕ ಕಳೆದರು. ಉತ್ತರ ಸೊನ್ನೆ ಬಂತು. ಇದು ಕಡಿಮೆ ಎಂದು ಡಾಕ್ಟರಿಗೆ ಅನ್ನಿಸಿದ್ದರಿಂದ ಆಸ್ಪತ್ರೆಯ ಸರಾಸರಿ ತೂಕ ಹಾಕಿದರು. ಸೂಗಮ್ಮನನ್ನು ಬಾಣಂತಿಯರ ವಾರ್ಡಿಗೆ ಸಾಗಿಸಿ, ಮಗ್ಗುಲಿಗೆ ತೊಟ್ಟಿಲು ಇಟ್ಟರು. ಈಗ ಅವಳಿಗೆ ಹೊರಗೆ ಹೋಗುವ ಚೀಟಿಯೂ ಸಿಗಬೇಕಿತ್ತು. ಆದರೆ ಚೀಟಿಗೆ ಕೂಸನ್ನು ತೋರಿಸಿ ಸಹಿ ಪಡೆಯಬೇಕಾಗಿತ್ತು.

ಶನಿವಾರ ಡಾಕ್ಟರಿಗೆ ಚಿಂತೆ ಹತ್ತಿತು. ಬ್ಯಾನಿ ಸೂಜಿ ಕೊಟ್ಟು ಮುಂಗಡವನ್ನು ಚುಕ್ತಾ ಮಾಡಿಬಿಡೋಣ ಎಂದು ಲತೀಫಾಳಿಗೆ ಸಲೈನ್ ತರಲು ಹೇಳಿದರು. ಸೂಗಮ್ಮನ ಕೈ ಮತ್ತೆ ಸೆರಗಿನೊಳಗೆ ಹೋಯಿತು. ಬಂದೇನವಾಜ್ ಅಡ್ಡ ಬಂದರು.

"ಹಡದಾಕಿಗಿ ಹಡಿಯೋ ಸೂಜಿ ಯಾಕ ಕೊಟ್ರಿ ಅಂತ ನಾಳೆ ಆಡಿಟ್ ಕೇಳಿದ್ರ ಏನ ಹೇಳೂನ್ರಿ?"

ಡಾಕ್ಟರು ಯೋಚಿಸಿದರು. ಹಡೆದವರಿಗೆ ಪ್ರೇರಣೆ ಕೊಡಕೂಡದು ಎಂದು ಅಂದೇ ಲಿಖಿತ ಆಜ್ಞೆ ಹೊರಡಿಸಿದರು.

ದೇವದುರ್ಗ ಬಸ್ಸಿನ ಕಂಡಕ್ಟರನಿಂದ ಸುದ್ದಿ ತಿಳಿದು ಮಧ್ಯಾಹ್ನ ಗಂಡ ಕನಕರಾಯ ಬಂದ. ಕೈಯಲ್ಲಿ ಪೇಢೆಯ ಪೊಟ್ಟಣ ಇತ್ತು. ತೊಟ್ಟಿಲು ಬಗ್ಗಿ ನೋಡಿದ.

"ಕೂಸು ಎಲ್ಲದ?"

ಸೂಗಮ್ಮ ಹೊಟ್ಟೆಯ ಮೇಲೆ ಕೈ ಇಟ್ಟಳು. "ಇಲ್ಲೇ ಅದ."

"ಹಡದಾಳ ಅಂತ ಹೇಳಿ ಕಳಿಸಿದ್ರು?"

"ಹಡದೀನಿ. ಅದು ಇನ್ನೂ ಬಂದಿಲ್ಲ."

ಕನಕರಾಯ ಕುರಿ ಕಾಯುವವನು, ಅವಸರದ ಮನುಷ್ಯನಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಸರಕಾರದ ಬಾವಿ ಹಂಗ ಅನ್ನು. ತೋಡ್ಯಾರ, ನೀರು ಬಂದಿಲ್ಲ."

"ಹೂಂ, ಹಂಗ. ಆದ್ರ ಇದು ಬರ್ತದ."

ಅವನು ವಾರ್ಡಿಗೆಲ್ಲ ಪೇಢೆ ಹಂಚಿದ.

ಸೋಮವಾರ ಆಡಳಿತ ಮಂಡಳಿಯ ಕಾರ್ಯದರ್ಶಿ ತಪಾಸಣೆಗೆ ಬಂದರು. ಯಮನಮ್ಮನ ಕೂಸು ಕಿರುಚುತ್ತಿತ್ತು. ಅದಕ್ಕೆ ಮುಖ ಸಿಂಡರಿಸಿ ಸೂಗಮ್ಮನ ತೊಟ್ಟಿಲ ಮುಂದೆ ನಿಂತರು. ಕನ್ನಡಕ ಏರಿಸಿ ಒಳಗೆ ದೀರ್ಘವಾಗಿ ನೋಡಿದರು.

"ಇದು ಅಳೋದಿಲ್ಲೇನು?"

"ಇಲ್ಲರಿ," ಎಂದರು ಡಾಕ್ಟರು.

"ಹಾಲು ಬೇಡ್ತದೇನು?"

"ಇನ್ನೂ ಬೇಡಿಲ್ಲರಿ."

"ಗದ್ದಲ ಇಲ್ಲ, ಬೇಡಿಕಿ ಇಲ್ಲ. ದೇಶಕ್ಕ ಇಂಥ ಪ್ರಜೆಗಳು ಬೇಕು ನೋಡ್ರಿ," ಎಂದು ಹೇಳಿ, ತಮಗೆ ಹಾಕಿದ್ದ ಹಾರವನ್ನು ತೆಗೆದು ತೊಟ್ಟಿಲಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಗಮ್ಮನೂ ತಟ್ಟಿದಳು.

ಗೋಪಮ್ಮನಿಗೆ ಮಾತ್ರ ಬೇರೊಂದು ತೊಡಕಿತ್ತು. ಹುಟ್ಟಿದ ಐದನೆಯ ದಿನ ಸೆಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಅವಳಿಗೆ ಪೂಜೆ ಇಡಬೇಕು. ಗೋಪಮ್ಮ ಬಂದೇನವಾಜರ ಮೇಜಿನ ಮುಂದೆ ನಿಂತಳು.

"ಯಪ್ಪಾ, ಸೆಟಿವಿ ಯಾವತ್ತು ಬರ್ತಾಳ?"

"ನಮ್ಮ ಲೆಕ್ಕದಾಗ ನಾಳೆ ಐದನೇ ದಿನ."

"ಹಣಿ ಇನ್ನೂ ಹೊರಗ ಬಂದಿಲ್ಲಲ್ಲ. ಎಲ್ಲಿ ಬರೀಬೇಕು ಆಕಿ?"

"ಅದು ಆಕಿ ಇಲಾಖಾ ಅವ್ವ. ನಾ ಕೈ ಹಾಕಂಗಿಲ್ಲ."

ಮಂಗಳವಾರ ಬೆಳಿಗ್ಗೆ ಸೂಗಮ್ಮನ ಸೊಂಟ ಹಿಡಿಯಿತು. ಅವಳು ಲತೀಫಾಳಿಗೆ ಮಾತ್ರ ಹೇಳಿದಳು.

"ಬ್ಯಾನಿ ಬಂದ್ರ ಹಿಡಕೋಬ್ಯಾಡ, ಉಸಿರು ಬಿಡು," ಎಂದಳು ಲತೀಫಾ. "ನಡದಾಡು. ಯಾರರ ಕೇಳಿದ್ರ ಬಾಣಂತಿ ಕಾಲಾಡಿಸಾಕತ್ತಾಳ ಅಂತೀನಿ."

ಸೂಗಮ್ಮ ತಾಯಿಯ ಹೆಗಲು ಹಿಡಿದು ವರಾಂಡದಲ್ಲಿ ನಡೆದಳು. ನೋವು ಬಂದಾಗ ನಿಂತಳು, ಹೋದಾಗ ನಡೆದಳು, ನಡುವೆ ಚಹಾ ಕುಡಿದಳು. ಡಾಕ್ಟರು ಎರಡು ಸಲ ಎದುರಿಗೆ ಹಾದುಹೋದರು. ಹಡೆದವಳಿಗೆ ಹೆರಿಗೆ ನೋವು ಬರುವುದು ಸಾಧ್ಯವಿಲ್ಲವಾದ್ದರಿಂದ ಅವರು ಏನನ್ನೂ ಕೇಳಲಿಲ್ಲ. ಒಂದೂವರೆಗೆ ಊಟಕ್ಕೆ ಹೋದರು. ತಿರುಗಿ ಬಂದಾಗ ವಾರ್ಡಿನಲ್ಲಿ ಹೊಸ ಅಳು ಕೇಳಿಸಿತು.

"ಏನದು ಗದ್ದಲ?"

"ಶುಕ್ರವಾರದ ಕೂಸು ಬಂತ್ರಿ. ಹೆಣ್ಣು," ಎಂದಳು ಲತೀಫಾ.

ಸೂಗಮ್ಮ ಬೆವೆತಿದ್ದಳು, ನಗುತ್ತಿದ್ದಳು. ಕೂಸನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದಳು. ಮುಂಗೈ ಮೇಲೆ ಸೂಜಿಯ ಗುರುತಿರಲಿಲ್ಲ.

ಊಟದ ವಿರಾಮದಲ್ಲಿ ಹುಟ್ಟಕೂಡದು ಎಂಬ ನಿಯಮ ಉಲ್ಲಂಘನೆಯಾಯಿತೇ ಎಂದು ಡಾಕ್ಟರು ಕೇಳಿದರು. ಆಗಿಲ್ಲ ಎಂದು ಬಂದೇನವಾಜ್ ವಿವರಿಸಿದರು. ಹುಟ್ಟಿದ್ದು ಶುಕ್ರವಾರ; ಇಂದು ನಡೆದದ್ದು ಹಾಜರಿ. ಅದರಂತೆ ಷರಾ ಬರೆದರು: "ಕೂಸು ಇಂದು ಮಧ್ಯಾಹ್ನ ಹಾಜರಾಗಿದೆ. ನಡುವಿನ ಅವಧಿಗೆ ವೇತನರಹಿತ ರಜೆ ಮಂಜೂರು ಮಾಡಿದೆ." ಡಾಕ್ಟರು ಸಹಿ ಹಾಕಿ, ಕೂಸಿನ ಕೆನ್ನೆ ಮುಟ್ಟಿ, ಮುಂದೆ ಹೀಗೆ ತಡ ಮಾಡಬಾರದು ಎಂದು ಅದಕ್ಕೆ ತಿಳಿಹೇಳಿದರು.

ಬುಧವಾರ ಬೆಳಿಗ್ಗೆ ವಾರ್ಡಿನ ಮೂವರು ಬಸುರಿಯರು ತಮಗೂ ಮುಂಗಡ ಬೇಕೆಂದರು. ಇಲ್ಲವೆನ್ನಲು ನಿಯಮವಿರಲಿಲ್ಲ. ವಾರದೊಳಗೆ ಬಾಗಿಲಿಗೆ ಹೊಸ ಪ್ರಕಟಣೆ ಬಂತು: ಮುಂಗಡ ಹೆರಿಗೆ ಬೇಕಾದವರು ಹತ್ತೂವರೆಯೊಳಗೆ ತಿಳಿಸತಕ್ಕದ್ದು. ಸಲೈನ್ ಸ್ಟ್ಯಾಂಡಿನ ಮೇಲೆ ಲತೀಫಾ ಟವೆಲ್ ಒಣಹಾಕತೊಡಗಿದಳು. ಸಮಯಪಾಲನೆಗಾಗಿ ಆಡಳಿತ ಮಂಡಳಿ ಆಸ್ಪತ್ರೆಯನ್ನು ಅಭಿನಂದಿಸಿತು.

ಮಾರ್ಚ್ ತಿಂಗಳ ವರದಿ ಹೀಗಿದೆ. ಸಮಯಕ್ಕೆ ಸರಿಯಾಗಿ ಆದ ಹೆರಿಗೆಗಳು ನಲವತ್ತೊಂದು. ತಡವಾದವು ಇಲ್ಲ. ಹಾಜರಾಗಬೇಕಾದ ಕೂಸುಗಳು ಹದಿನೇಳು.